ಕೊಂಡವರ ಕಷ್ಟಸುಖ: ಮೌಸ್‌ನಿಂದ ವಾಷಿಂಗ್ ಮೆಷಿನ್ ತನಕ ನಿಮ್ಮ ಪ್ರಶ್ನೆಗಳು

ಕಂಪ್ಯೂಟರ್ ಸಾಮಾನು, ಮನೆ ಸಾಮಾನು ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂತ ಹೋದ ಸಲ ಒಂದು ಸಾಲು ಬರೆದಿದ್ದೆ ಅಷ್ಟೇ, ಪತ್ರಗಳ ರಾಶಿನೇ ಬಂದುಬಿಡ್ತು. ಮೊದಲೇ ಹೇಳಿಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ, ಅಂಗಡಿ ಇಟ್ಕೊಂಡಿಲ್ಲ, ಯಾವ ಕಂಪನಿಯವರೂ ನಂಗೆ ಏನೂ ಪುಕ್ಕಟೆ ಕಳಿಸಲ್ಲ (ಕಳಿಸಿದ್ರೆ ಬೇಡ ಅಂತಿದ್ರಾ ಅಂತ ಕೇಳಬೇಡಿ, ಆ ಪರೀಕ್ಷೆ ಇನ್ನೂ ಬಂದಿಲ್ಲ). ದುಡ್ಡು ಕೊಟ್ಟು ತಂದು, ಬಳಸಿ, ಕೆಟ್ಟ ಮೇಲೆ ಸ್ಕ್ರೂಡ್ರೈವರ್ ಹಿಡ್ಕೊಂಡು ಬಿಚ್ಚಿ ನೋಡೋ ಚಾಳಿ ಇರೋ ಒಬ್ಬಳು ಗಿರಾಕಿ, ಅಷ್ಟೇ. ಬ್ರಾಂಡ್ ಹೆಸರು ಹೇಳಿ ಅಂತ ಸುಮಾರು ಜನ ಕೇಳಿದೀರ. ಹೇಳಲ್ಲ, ಯಾಕಂದ್ರೆ ಒಂದೇ ಕಂಪನಿಯ ಒಂದು ಮಾಡೆಲ್ ಬಂಗಾರ ಆಗಿರುತ್ತೆ, ಅದರ ಪಕ್ಕದ್ದು ತಗಡು. ನಾನು ಯಾವ ಸಾಮಾನು ನೋಡಿದ್ರೂ ಮೊದಲು ಕೇಳಿಕೊಳ್ಳೋದು ಒಂದೇ: ಇದರಲ್ಲಿ ಫಸ್ಟ್ ಕೈಕೊಡೋದು ಯಾವ ಪಾರ್ಟು, ಅದು ಬಿಡಿಯಾಗಿ ಸಿಗುತ್ತಾ?

ಪ್ರಶ್ನೆ: ಮೇಡಂ, ನನ್ನ ವೈರ್‌ಲೆಸ್ ಮೌಸ್ ಚೆನ್ನಾಗೇ ಇತ್ತು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೋಟೋ ಕಾಪಿ ಮಾಡೋಕೆ ಶುರು ಮಾಡಿದ ತಕ್ಷಣ ಪಾಯಿಂಟರ್ ನಿಂತು ನಿಂತು ಹೋಗುತ್ತೆ. ಬ್ಯಾಟರಿ ಬದಲಾಯಿಸಿದೆ, ಮೌಸ್‌ಪ್ಯಾಡ್ ಬದಲಾಯಿಸಿದೆ, ಕೊನೆಗೆ ಮೌಸನ್ನೇ ಬದಲಾಯಿಸಿದೆ. ಹೊಸದೂ ಹಂಗೇ ಮಾಡ್ತಿದೆ. ಇದು ನನ್ನ ಹಣೆಬರಹವಾ?

ಉತ್ತರ: ಹಣೆಬರಹ ಅಲ್ಲ ಸ್ವಾಮಿ, ಪೋರ್ಟು. ನಾನೂ ಇದೇ ತಪ್ಪು ಮಾಡಿ ಒಂದು ಒಳ್ಳೇ ಮೌಸನ್ನ ಯಾರಿಗೋ ದಾನ ಮಾಡಿದೀನಿ, ಅವರ ಮನೇಲಿ ಅದು ಇವತ್ತಿಗೂ ಬೆಣ್ಣೆ ಥರ ಓಡ್ತಿದೆ, ಅವರ ಮನೆಗೆ ಹೋದಾಗೆಲ್ಲ ಹೊಟ್ಟೆ ಉರಿಯುತ್ತೆ. ವಿಷಯ ಏನಪ್ಪಾ ಅಂದ್ರೆ, ವೈರ್‌ಲೆಸ್ ಮೌಸ್‌ನ ಆ ಉಗುರಿನಷ್ಟು ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸೋ ರಿಸೀವರ್) ರೇಡಿಯೋ ಅಲೆಯಲ್ಲಿ ಮಾತಾಡೋದು 2.4 ಗಿಗಾಹರ್ಟ್ಜ್‌ನಲ್ಲಿ. ಯುಎಸ್‌ಬಿ 3.0 ಪೋರ್ಟು, ಅದರ ಕೇಬಲ್ಲು, ಅದಕ್ಕೆ ಸಿಕ್ಕಿಸಿದ ಡಿಸ್ಕು, ಇವೆಲ್ಲ ಡೇಟಾ ಓಡಿಸುವಾಗ ಅದೇ ಜಾಗದಲ್ಲಿ ರೇಡಿಯೋ ಗದ್ದಲ ಎಬ್ಬಿಸ್ತವೆ. ಇದು ನಾನು ಹುಟ್ಟಿಸಿದ ಕಥೆ ಅಲ್ಲ, ಇಂಟೆಲ್ ಕಂಪನಿಯವರೇ 2012ರಲ್ಲಿ ಅಳತೆ ಮಾಡಿ ಬರೆದಿಟ್ಟಿದಾರೆ. ಪಕ್ಕದಲ್ಲಿ ಡೋಲು ಬಾರಿಸ್ತಿರುವಾಗ ನೀವು ಕಿವಿಮಾತು ಹೇಳಿದ್ರೆ ಯಾರಿಗೆ ಕೇಳುತ್ತೆ, ಹಂಗೆ.

ಮದ್ದು ಸುಲಭ. ಡಾಂಗಲ್ಲನ್ನ ಡಿಸ್ಕ್ ಇರೋ ಕಡೆಯಿಂದ ತೆಗೆದು ಲ್ಯಾಪ್‌ಟಾಪ್‌ನ ಇನ್ನೊಂದು ಬದಿಗೆ ಹಾಕಿ, ಆಗದಿದ್ರೆ ಒಂದು ಗೇಣುದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನ ಮೌಸ್ ಹತ್ತಿರಕ್ಕೆ ಎಳ್ಕೊಳ್ಳಿ. ಡೆಸ್ಕ್‌ಟಾಪ್ ಆಗಿದ್ರೆ ಡಬ್ಬದ ಹಿಂದುಗಡೆ, ಮೇಜಿನ ಕೆಳಗೆ, ಗೋಡೆ ಕಡೆ ಮುಖ ಮಾಡಿರೋ ಪೋರ್ಟಿಗೆ ಡಾಂಗಲ್ ಸಿಕ್ಕಿಸಿ ಮೌಸ್ ಸರಿ ಇಲ್ಲ ಅಂತ ಬಯ್ಯೋರು ಬಹಳ ಜನ, ಅವರಿಗೂ ಇದೇ ಉತ್ತರ. ಅಂದಹಾಗೆ ಮೈಕ್ರೋವೇವ್ ಓವನ್ ಕೆಲಸ ಮಾಡೋದೂ 2.45 ಗಿಗಾಹರ್ಟ್ಜ್‌ನಲ್ಲೇ. ಅಡುಗೆಮನೇಲಿ ಅದು ಗುಂಯ್ ಅನ್ನೋವಾಗ ಬ್ಲೂಟೂತ್ ಹೆಡ್‌ಫೋನ್ ಕಟ್ ಕಟ್ ಆದ್ರೆ ಹೆಡ್‌ಫೋನ್‌ಗೆ ಒಂದು ಸ್ಟಾರ್ ಕೊಡೋಕೆ ಓಡಬೇಡಿ, ಎರಡು ನಿಮಿಷ ಕಾಯಿರಿ.

ಪ್ರಶ್ನೆ: ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡ್ರೆ ಜೀವನಪೂರ್ತಿ ಬರುತ್ತೆ ಅಂತ ಆಫೀಸಲ್ಲಿ ಫ್ರೆಂಡ್ ತಲೆ ತಿಂತಿದಾನೆ. ನಿಜವಾ?

ಉತ್ತರ: ಸ್ವಿಚ್ ಬರುತ್ತೆ (ಮೆಕ್ಯಾನಿಕಲ್ ಅಂದ್ರೆ ಪ್ರತೀ ಕೀ ಅಡಿಯಲ್ಲೂ ಅದರದ್ದೇ ಒಂದು ಸ್ವಿಚ್ ಇರೋದು). ಕೀಬೋರ್ಡ್ ಬರುತ್ತೋ ಇಲ್ವೋ ಅದು ಬೇರೆ ಮಾತು. ಒಳ್ಳೇ ಮೆಕ್ಯಾನಿಕಲ್ ಸ್ವಿಚ್‌ಗೆ 5 ಕೋಟಿ ಸಲ ಒತ್ತಿದ್ರೂ ಏನೂ ಆಗಲ್ಲ ಅಂತ ಡಬ್ಬದ ಮೇಲೆ ಹಾಕಿರ್ತಾರೆ, ಕೆಲವಕ್ಕೆ 10 ಕೋಟಿ. ಒಂದು ಸಲ ಕೂತು ಲೆಕ್ಕ ಹಾಕಿದ್ದೆ, ಒಂದೇ ಕೀನ ದಿನಕ್ಕೆ 1000 ಸಲ ಒತ್ತಿದ್ರೂ 5 ಕೋಟಿ ಮುಗಿಸೋಕೆ 137 ವರ್ಷ ಬೇಕು. ಅಷ್ಟು ದಿನ ನಾವೇ ಇರಲ್ಲ. ಆದ್ರೆ ನನ್ನ ಕೀಬೋರ್ಡಲ್ಲಿ ಮೊದಲು ಹೋಗಿದ್ದು ಸ್ವಿಚ್ಚಲ್ಲ, ಯುಎಸ್‌ಬಿ ವೈರು, ಬಾಡಿಯಿಂದ ಹೊರಗೆ ಬರೋ ಜಾಗದಲ್ಲಿ ಬಾಗಿ ಬಾಗಿ ಒಳಗೇ ತುಂಡಾಗಿತ್ತು. ವೈರ್ ಬಿಚ್ಚಿ ಬೇರೆ ಹಾಕೋ ಥರ ಸಾಕೆಟ್ ಇರೋದು ತಗೊಂಡಿದ್ರೆ ಐದು ನಿಮಿಷದ ಕೆಲಸ. ನಂದು ಒಳಗೆ ಬೆಸುಗೆ ಹಾಕಿದ್ದು, ಅರ್ಧ ದಿನ ಹೋಯ್ತು, ಬೆರಳೂ ಸುಟ್ಕೊಂಡೆ.

ಎರಡನೇದು ಕೀಕ್ಯಾಪ್, ಕೀ ಮೇಲಿನ ಪ್ಲಾಸ್ಟಿಕ್ ಟೋಪಿ. ಎಬಿಎಸ್ ಪ್ಲಾಸ್ಟಿಕ್ ಆದ್ರೆ ಬೆರಳಿನ ಎಣ್ಣೆ, ಉಜ್ಜಾಟ ಎರಡಕ್ಕೂ ಹೊಳಪು ಬಂದು ಜಿಡ್ಡು ಜಿಡ್ಡಾಗಿ ಕಾಣುತ್ತೆ, ಪಿಬಿಟಿ ಆದ್ರೆ ಬಹಳ ಕಾಲ ತರಿತರಿಯಾಗೇ ಇರುತ್ತೆ. ಇನ್ನು ಸ್ವಿಚ್ಚಿನ ಬಣ್ಣದ ವಿಷಯ. ಸ್ವಿಚ್ ಮಾಡೋ ಚೆರ್ರಿ ಕಂಪನಿಯವರು ಶುರು ಮಾಡಿದ ಲೆಕ್ಕದಲ್ಲಿ ನೀಲಿ ಅಂದ್ರೆ ಕ್ಲಿಕ್ ಕ್ಲಿಕ್ ಸದ್ದು, ಕೆಂಪು ಅಂದ್ರೆ ನೇರ ಇಳಿಯೋದು, ಕಂದು ಅಂದ್ರೆ ಮಧ್ಯ ಒಂದು ಸಣ್ಣ ಉಬ್ಬು ಬೆರಳಿಗೆ ಗೊತ್ತಾಗೋದು. ನಾನು ಅಂಗಡೀಲಿ ನೀಲಿ ಒತ್ತಿ ನೋಡಿ ಮನಸೋತು ತಂದೆ. ಮೂರನೇ ರಾತ್ರಿ ನಮ್ಮನೆಯವರು ಎದ್ದು ಬಂದು ಏನೂ ಮಾತಾಡದೆ ನನ್ನ ಮುಖ ನೋಡಿ ವಾಪಸ್ ಹೋದ್ರು. ಮಾರನೇ ದಿನ ಅದನ್ನ ಎತ್ತಿಟ್ಟೆ. ಒಬ್ಬರೇ ಇರೋರಾದ್ರೆ ನೀಲಿ ತಗೊಳ್ಳಿ, ಖುಷಿಯಾಗಿರುತ್ತೆ.

ಪ್ರಶ್ನೆ: ನಮ್ಮನೇಲಿ ಪ್ರಿಂಟ್ ಬೇಕಾಗೋದು ಎರಡು ತಿಂಗಳಿಗೆ ಒಂದು ಸಲ, ಮಕ್ಕಳ ಸ್ಕೂಲ್ ಕೆಲಸ ಅಥವಾ ಯಾವುದೋ ಫಾರಂ. ಪ್ರತೀ ಸಲ ಪ್ರಿಂಟ್ ಕೊಟ್ರೆ ಗೆರೆ ಗೆರೆ ಬರುತ್ತೆ, ಹೆಡ್ ಕ್ಲೀನ್ ಮಾಡು ಅನ್ನುತ್ತೆ, ಮಾಡಿದ್ರೆ ಇಂಕ್ ಖಾಲಿ ಅನ್ನುತ್ತೆ. ಹೊಸ ಪ್ರಿಂಟರ್ ಯಾವುದು ತಗೊಳ್ಳಲಿ?

ಉತ್ತರ: ಮೇಡಂ, ನೀವು ಬರೆದಿರೋದು ನನ್ನ ಆತ್ಮಕಥೆ. ಇಂಕ್‌ಜೆಟ್ ಅನ್ನೋದು ದಿನಾ ಮಾತಾಡಿಸಬೇಕಾದ ಪ್ರಾಣಿ. ಅದರ ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರ್ತವೆ, ಬಳಸದೆ ಬಿಟ್ರೆ ಅಲ್ಲಿ ಶಾಯಿ ಒಣಗಿ ಕೂತ್ಕೊಳ್ಳುತ್ತೆ, ಅದನ್ನ ತೆಗೆಯೋಕೆ ಕ್ಲೀನಿಂಗ್ ಅಂತ ಒಳ್ಳೇ ಶಾಯಿನ ಜೋರಾಗಿ ಹೊರಗೆ ಎಳೆದು ಒಳಗಿರೋ ಒಂದು ಸ್ಪಂಜಿಗೆ ಸುರಿಯುತ್ತೆ. ಅಂದ್ರೆ ನೀವು ಕಾಗದದ ಮೇಲೆ ಹಾಕಿದ್ದಕ್ಕಿಂತ ಸ್ಪಂಜಿಗೆ ಕುಡಿಸಿದ್ದೇ ಜಾಸ್ತಿ. ಆ ಸ್ಪಂಜು ತುಂಬಿದ್ರೆ ಪ್ರಿಂಟರ್ ಕೆಲಸಾನೇ ನಿಲ್ಲಿಸುತ್ತೆ, ಸರ್ವಿಸ್ ಮಾಡ್ಸಿ ಅಂತ ಮೆಸೇಜ್ ಹಾಕ್ಕೊಂಡು ಕೂರುತ್ತೆ. ನನ್ನದಕ್ಕೆ ಹಂಗೇ ಆಯ್ತು. ಸರ್ವಿಸ್ ಸೆಂಟರ್‌ನವರು ಇದನ್ನ ರಿಪೇರಿ ಮಾಡ್ಸೋದಕ್ಕಿಂತ ಹೊಸದೇ ವಾಸಿ ಅಂದ್ರು. ಮನೆಗೆ ತಂದು ಹಿಂದಿನ ಕವರ್ ಬಿಚ್ಚಿ ನೋಡಿದ್ರೆ ಅಂಗೈಯಷ್ಟು ಸ್ಪಂಜು, ಕಪ್ಪಗೆ, ಒದ್ದೆ, ಸೆಗಣಿ ಉಂಡೆ ಥರ. ಇಷ್ಟಕ್ಕೆ ಒಂದು ಮೆಷಿನ್ ಬಿಸಾಕಬೇಕಾ ಅನ್ನಿಸಿ ಕಣ್ಣಲ್ಲಿ ನೀರೇ ಬಂತು.

ಹಂಗಾಗಿ ನಿಮ್ಮಂಥವರಿಗೆ ಕಪ್ಪು ಬಿಳುಪು ಲೇಸರ್. ಅದರಲ್ಲಿರೋದು ಟೋನರ್ ಅನ್ನೋ ಪುಡಿ, ಪುಡಿ ಒಣಗೋಕೆ ಏನಿದೆ, ಆರು ತಿಂಗಳು ಬಿಟ್ಟು ಆನ್ ಮಾಡಿದ್ರೂ ಮೊದಲನೇ ಹಾಳೆನೇ ಗರಿಗರಿಯಾಗಿ ಬರುತ್ತೆ. ಬಣ್ಣ ಬೇಕಂದ್ರೆ ಹೊರಗೆ ಮಾಡ್ಸಿ. ದಿನಾ ಬಣ್ಣದ ಪ್ರಿಂಟ್ ತೆಗೆಯೋ ಮನೆ ಆದ್ರೆ ಮಾತ್ರ ಇಂಕ್ ಟ್ಯಾಂಕ್ ಇರೋದು ಸರಿ, ಆಗ ಸ್ಪಂಜಿನ ಡಬ್ಬಿ ನಾವೇ ತೆಗೆದು ಹೊಸದು ಹಾಕೋ ಮಾಡೆಲ್ಲಾ ಅಂತ ಕೇಳಿ, ಅಂಥವು ಇದಾವೆ. ಇನ್ನೆರಡು ಮಾತು. ಡಬ್ಬದ ಮೇಲೆ ಇಷ್ಟು ಸಾವಿರ ಪೇಜ್ ಬರುತ್ತೆ ಅಂತ ಇರುತ್ತಲ್ಲ, ಕಪ್ಪು ಟೋನರ್‌ಗೆ ಆ ಲೆಕ್ಕ ಹಾಕೋದು ಹಾಳೆಯ ಸುಮಾರು 5% ಜಾಗದಲ್ಲಿ ಮಾತ್ರ ಅಚ್ಚು ಬಿದ್ದಿದೆ ಅಂದ್ಕೊಂಡು. ಫೋಟೋ ಇರೋ ಪಾಠದ ಹಾಳೆ ಆ ಲೆಕ್ಕಕ್ಕೆ ಬರಲ್ಲ. ಜೊತೆಗೆ ಡಬ್ಬದಲ್ಲಿ ಬರೋ ಮೊದಲನೇ ಟೋನರ್ ಎಷ್ಟೋ ಸಲ ಅರೆ ತುಂಬಿದ್ದು, ಆಮೇಲೆ ಕೊಳ್ಳೋದೇ ಪೂರ್ತಿದು. ಆದ್ದರಿಂದ ಪ್ರಿಂಟರ್ ರೇಟ್ ನೋಡಬೇಡಿ, ಟೋನರ್ ರೇಟ್ ನೋಡಿ.

ಪ್ರಶ್ನೆ: ಲೇಸರ್ ಪ್ರಿಂಟರನ್ನ ಯುಪಿಎಸ್‌ಗೆ ಹಾಕಬಹುದಾ? 600 ವಿಎ ಅಂತ ಬರೆದಿದೆ, ಕಂಪ್ಯೂಟರ್ ಎಷ್ಟು ಹೊತ್ತು ಬರುತ್ತೆ?

ಉತ್ತರ: ಹಾಕಬೇಡಿ. ಲೇಸರ್ ಪ್ರಿಂಟರ್ ಪುಡಿನ ಕಾಗದಕ್ಕೆ ಕರಗಿಸಿ ಅಂಟಿಸೋಕೆ ಒಳಗಿನ ರೋಲರನ್ನ ಸುಮಾರು 200 ಡಿಗ್ರಿಗೆ ಕಾಯಿಸುತ್ತೆ, ಆ ಹೊತ್ತಲ್ಲಿ ಅದು ಎಳೆಯೋ ಕರೆಂಟಿಗೆ ನಿಮ್ಮ ಯುಪಿಎಸ್ ಕುಯ್ಯೋ ಅಂತ ಕೂಗಿ ಬಿದ್ದೋಗುತ್ತೆ, ಜೊತೆಗೆ ಕಂಪ್ಯೂಟರೂ ಹೋಗುತ್ತೆ. ನೇರ ಗೋಡೆಗೆ ಹಾಕಿ.

ವಿಎ ಅನ್ನೋದು ವೋಲ್ಟ್ ಆಂಪಿಯರ್, ವ್ಯಾಟ್ ಅಲ್ಲ. 600 ವಿಎ ಇರೋದು ಸಾಮಾನ್ಯವಾಗಿ 360 ವ್ಯಾಟ್ ತನಕ ತಡೆಯುತ್ತೆ, ವ್ಯಾಟ್ ಎಷ್ಟು ಅಂತ ಸ್ಟಿಕರ್ ಮೂಲೇಲಿ ಸಣ್ಣಕ್ಷರದಲ್ಲಿರುತ್ತೆ. ಒಳಗಿರೋದು ಹೆಚ್ಚಾಗಿ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಅಂದ್ರೆ 84 ವ್ಯಾಟ್ ಅವರ್. 150 ವ್ಯಾಟಿನ ಡೆಸ್ಕ್‌ಟಾಪ್ ಹಾಕಿದ್ರೆ ಕಾಗದದ ಮೇಲೆ ಅರ್ಧ ಗಂಟೆ ಬರಬೇಕು, ನಿಜವಾಗಿ ಹತ್ತು ಹದಿನೈದು ನಿಮಿಷ ಬಂದ್ರೆ ನಿಮ್ಮ ಪುಣ್ಯ, ಯಾಕಂದ್ರೆ ಲೆಡ್ ಆಸಿಡ್ ಬ್ಯಾಟರಿನ ಜೋರಾಗಿ ಎಳೆದಷ್ಟೂ ಅದು ಕಮ್ಮಿ ಕೊಡುತ್ತೆ. ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಇರೋ ಸಾಮಾನು ಅದು, ಸಿನಿಮಾ ನೋಡೋಕಲ್ಲ. ಇದರಲ್ಲಿ ಮೊದಲು ಹೋಗೋದು ಯಾವುದು ಅಂತ ಕೇಳೋದೇ ಬೇಡ, ಬ್ಯಾಟರಿನೇ. 25 ಡಿಗ್ರಿ ಮೇಲೆ ಪ್ರತೀ ಹತ್ತು ಡಿಗ್ರಿ ಶಾಖಕ್ಕೂ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಆದ್ರೂ ನಾವೆಲ್ಲ ಅದನ್ನ ಮೇಜಿನ ಕೆಳಗೆ ಗಾಳಿ ಆಡದ ಮೂಲೆಗೆ ತಳ್ಳಿರ್ತೀವಿ. ಬ್ಯಾಟರಿ ಮಾತ್ರ ಬದಲಾಯಿಸಿ, ಇಡೀ ಯುಪಿಎಸ್ ಬಿಸಾಕಬೇಡಿ. ಹಳೇ ಬ್ಯಾಟರಿ ಕಸಕ್ಕೆ ಹಾಕಬೇಡಿ, ಒಳಗೆ ಸೀಸ ಇರುತ್ತೆ, ವಾಪಸ್ ತಗೊಳ್ಳೋರಿಗೆ ಕೊಡಿ.

ಪ್ರಶ್ನೆ: ನಮ್ಮ ಯಜಮಾನರು 10 ವರ್ಷ ವಾರಂಟಿ ಅಂತ ಒಂದು ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಮೇಲೆ ಕಣ್ಣಿಟ್ಟಿದಾರೆ. ನಂಗೆ ನಂಬಿಕೆ ಇಲ್ಲ. ಯಾರು ಸರಿ? (ಉತ್ತರ ನನ್ನ ಕಡೆ ಇದ್ರೆ ಮಾತ್ರ ಪ್ರಿಂಟ್ ಮಾಡಿ.)

ಉತ್ತರ: ಪ್ರಿಂಟ್ ಮಾಡ್ತಿದೀವಿ, ಅದರಲ್ಲೇ ಅರ್ಥ ಮಾಡ್ಕೊಳ್ಳಿ. ಆ 10 ವರ್ಷ ಅನ್ನೋ ದಪ್ಪಕ್ಷರದ ಕೆಳಗೆ ಇರುವೆ ಸಾಲಿನ ಥರ ಇನ್ನೊಂದು ಸಾಲು ಇರುತ್ತೆ: ಮೋಟಾರಿಗೆ ಮಾತ್ರ. ಈಗಿನ ಇನ್ವರ್ಟರ್ ಮೋಟಾರು (ಸ್ಪೀಡ್ ಬೇಕಾದ ಹಾಗೆ ಬದಲಾಗೋದು) ಉಜ್ಜಿ ಸವೆಯೋ ಕಾರ್ಬನ್ ಬ್ರಶ್ ಇಲ್ಲದ್ದು, ಸವೆಯೋಕೆ ಅದರಲ್ಲಿ ಹೆಚ್ಚೇನೂ ಇಲ್ಲ, ಹತ್ತು ವರ್ಷ ಆರಾಮಾಗಿ ಬರುತ್ತೆ. ಬರುತ್ತೆ ಅಂತ ಗೊತ್ತಿರೋದಕ್ಕೇ ವಾರಂಟಿ ಕೊಟ್ಟಿರೋದು! ಹೋಗೋದು ಆ ಮೋಟಾರನ್ನ ಓಡಿಸೋ ಬೋರ್ಡು, ಪಿಸಿಬಿ. ಅದು ಹೋದ್ರೆ ಮೋಟಾರಿಗೆ ವಾರಂಟಿ ಇದ್ದೂ ಪ್ರಯೋಜನ ಇಲ್ಲ. ನಮ್ಮನೆ ಮೆಷಿನ್ ಮೂರು ವರ್ಷ ತುಂಬಿ ಸ್ವಲ್ಪ ದಿನಕ್ಕೆ ಸೋಪಿನ ನೀರು, ಬಟ್ಟೆ ಎಲ್ಲ ಒಳಗಿಟ್ಕೊಂಡು ಬಾಗಿಲು ಲಾಕ್ ಮಾಡ್ಕೊಂಡು ಸತ್ತುಹೋಯ್ತು. ಮೆಕ್ಯಾನಿಕ್ ಬಂದ, ಮೀಟರ್ ಇಟ್ಟು ನೋಡಿದ, ಮೋಟಾರ್ ಫಸ್ಟ್ ಕ್ಲಾಸ್ ಆಗಿದೆ ಅಂತ ನಂಗೇ ಶಹಬ್ಬಾಸ್ ಕೊಟ್ಟ ಹಂಗೆ ಹೇಳಿದ. ಬೋರ್ಡಿನ ಮೇಲೆ ಒಂದು ಕಡೆ ಕಾಳಿನಷ್ಟು ಕಪ್ಪು ಕಲೆ, ಹತ್ತಿರ ಹೋದ್ರೆ ಸುಟ್ಟ ವಾಸನೆ. ಆ ಬೋರ್ಡು ಬರೋಕೆ 24 ದಿನ. ಅಷ್ಟೂ ದಿನ ಬಟ್ಟೆ ಕೈಯಲ್ಲೇ ಒಗೆದು ಬಕೆಟ್ ಎತ್ತಿ ಎತ್ತಿ ಸೊಂಟ ಹಿಡ್ಕೊಳ್ತು.

ಹಂಗಾಗಿ ಅಂಗಡಿಯವನ ಹತ್ರ ಕೇಳಬೇಕಾದ್ದು ಮೂರು. ಬೋರ್ಡಿಗೆ ಎಷ್ಟು ವರ್ಷ ವಾರಂಟಿ, ಬೋರ್ಡು ಬಿಡಿಯಾಗಿ ಎಷ್ಟು, ಮಾಡೆಲ್ ನಿಂತ ಮೇಲೂ ಸಿಗುತ್ತಾ. ಅವನು ಮೂರನೇದಕ್ಕೆ ನಕ್ಕು ಬಿಡ್ತಾನೆ. ನಗೋ ವಿಷಯ ಅಲ್ಲ ಇದು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚಿಂದ ಇದಕ್ಕೆ ಕಾನೂನೇ ಇದೆ, ಒಂದು ವಾಷಿಂಗ್ ಮೆಷಿನ್ ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ ಮುಖ್ಯವಾದ ಬಿಡಿಭಾಗಗಳನ್ನ 10 ವರ್ಷ ಒದಗಿಸಬೇಕು, ಸರ್ಕ್ಯೂಟ್ ಬೋರ್ಡೂ ಆ ಪಟ್ಟೀಲಿದೆ. ಫ್ರಾನ್ಸಲ್ಲಿ ಅದೇ ವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಇಂಥ ಕೆಲವು ಸಾಮಾನುಗಳಿಗೆ ಎಷ್ಟು ಸುಲಭವಾಗಿ ರಿಪೇರಿ ಆಗುತ್ತೆ ಅಂತ ಹತ್ತಕ್ಕೆ ಮಾರ್ಕ್ಸ್ ಹಾಕಿ ರೇಟಿನ ಪಕ್ಕದಲ್ಲೇ ತೋರಿಸೋಕೆ ಶುರು ಮಾಡಿದ್ರು. ನಂಗಂತೂ ಆ ಒಂದು ನಂಬರ್ ಸಿಕ್ಕಿದ್ರೆ ಸಾಕು, ಉಳಿದ ಸ್ಟೀಮು, ವೈಫೈ, 14 ಥರದ ಪ್ರೋಗ್ರಾಂ ಎಲ್ಲ ನೀವೇ ಇಟ್ಕೊಳ್ಳಿ. ನಿಜ ಹೇಳಿ, 14ರಲ್ಲಿ ನೀವು ಬಳಸೋದು ಎಷ್ಟು, ಎರಡು ತಾನೆ?

ಯಜಮಾನರು ಕೊನೆಗೂ ತಂದೇ ತರ್ತಾರೆ, ಗೊತ್ತು. ತಂದ ದಿನ ಒಂದು ಕೆಲಸ ಮಾಡಿ. ಮೆಷಿನ್ ಹಿಂದುಗಡೆ ಮೂರೋ ನಾಲ್ಕೋ ಉದ್ದನೆ ಬೋಲ್ಟ್ ಇರ್ತವೆ, ಸಾಗಿಸುವಾಗ ಡ್ರಮ್ ಅಲ್ಲಾಡಬಾರದು ಅಂತ ಕಟ್ಟಿ ಹಾಕಿರೋದು, ಟ್ರಾನ್ಸಿಟ್ ಬೋಲ್ಟ್ ಅಂತಾರೆ. ಅದನ್ನ ಬಿಚ್ಚದೆ ಓಡಿಸಿದ್ರೆ ಮೆಷಿನ್ ಸ್ಪಿನ್ ಆಗುವಾಗ ನಡ್ಕೊಂಡು ಬಾತ್‌ರೂಮಿಂದ ಹಾಲಿಗೆ ಬರುತ್ತೆ. ಉತ್ಪ್ರೇಕ್ಷೆ ಅಲ್ಲ, ನಮ್ಮ ಅತ್ತಿಗೆ ಮನೇಲಿ ನಾನೇ ಕಣ್ಣಾರೆ ನೋಡಿದೀನಿ, ನಲ್ಲಿಯ ಪೈಪ್ ಎಷ್ಟುದ್ದ ಇತ್ತೋ ಅಷ್ಟು ದೂರ ಬಂದು ನಿಂತಿತ್ತು, ಅವರ ನಾಯಿ ಸೋಫಾ ಕೆಳಗೆ ಹೋಗಿ ಕೂತಿತ್ತು. ಬಿಚ್ಚಿದ ಬೋಲ್ಟು ಎಸೀಬೇಡಿ, ಮನೆ ಬದಲಾಯಿಸುವಾಗ ಮತ್ತೆ ಬೇಕಾಗುತ್ತೆ. ಬಾಗಿಲಿನ ರಬ್ಬರ್ ಮಡಿಕೆಯನ್ನ ಒಗೆದ ಮೇಲೆ ಒರೆಸಿ, ಬಾಗಿಲು ಸ್ವಲ್ಪ ತೆಗೆದಿಡಿ, ಇಲ್ಲಾಂದ್ರೆ ಬೂಸ್ಟು ಹಿಡಿದು ಮುಗ್ಗಲು ವಾಸನೆ ಬಟ್ಟೆಗೂ ಹತ್ತುತ್ತೆ.

ಪ್ರಶ್ನೆ: 1 ಟಿಬಿ ಡಿಸ್ಕ್ ತಂದ್ರೆ ಕಂಪ್ಯೂಟರಲ್ಲಿ 931 ಜಿಬಿ ತೋರಿಸುತ್ತೆ. 69 ಜಿಬಿ ಕದ್ದಿದಾರಾ?

ಉತ್ತರ: ಕದ್ದಿಲ್ಲ. ಡಿಸ್ಕ್ ಮಾಡೋರು 1000ದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸಿ ಅದಕ್ಕೂ ಜಿಬಿ ಅಂತಲೇ ಹೆಸರಿಡುತ್ತೆ. ಒಂದೇ ಬಟ್ಟೆನ ಒಬ್ಬ ಮೊಳದಲ್ಲಿ, ಇನ್ನೊಬ್ಬ ಗಜದಲ್ಲಿ ಅಳೆದ ಹಾಗೆ. 64 ಜಿಬಿ ಪೆನ್‌ಡ್ರೈವ್ 59.6 ತೋರಿಸಿದ್ರೆ ಅದೂ ಸರಿಯಾಗೇ ಇದೆ.

ನಿಜವಾದ ಕಳ್ಳತನ ಬೇರೆ ಇದೆ. ನಂಬಲಾಗದಷ್ಟು ಅಗ್ಗಕ್ಕೆ 2 ಟಿಬಿ ಪೆನ್‌ಡ್ರೈವ್ ಅಂತ ಮಾರ್ತಾರಲ್ಲ, ಅದನ್ನ ಸಿಕ್ಕಿಸಿದ್ರೆ ಕಂಪ್ಯೂಟರಲ್ಲಿ ಪೂರ್ತಿ ಸೈಜೇ ತೋರಿಸುತ್ತೆ, ಒಳಗಿರೋ ಚಿಪ್ಪು ಮಾತ್ರ 32 ಅಥವಾ 64 ಜಿಬಿದು. ತುಂಬಿದ ಮೇಲೆ ಹೊಸ ಫೈಲು ಸೇವ್ ಆದ ಹಾಗೆ ನಾಟಕ ಆಡುತ್ತೆ, ಆಮೇಲೆ ತೆರೆಯೋಕೆ ಹೋದ್ರೆ ತೆರೆಯಲ್ಲ. ಹೊಸ ಡ್ರೈವ್ ಬಂದ ದಿನವೇ, ಖಾಲಿ ಇರುವಾಗಲೇ, ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಪ್ರೋಗ್ರಾಂ ಓಡಿಸಿ. ಲಿನಕ್ಸ್ ಬಳಸೋರಿಗೆ ಎಫ್3 ಅಂತ ಒಂದಿದೆ. ಪೂರ್ತಿ ಬರೆದು, ವಾಪಸ್ ಓದಿ, ಎಷ್ಟು ನಿಜ ಎಷ್ಟು ಸುಳ್ಳು ಹೇಳುತ್ತೆ. ರಾತ್ರಿಯೆಲ್ಲ ಹಿಡಿಯುತ್ತೆ, ಹಿಡೀಲಿ ಬಿಡಿ.

ಪ್ರಶ್ನೆ: ಫೋನ್ ಡಬ್ಬದಲ್ಲಿ ಬಂದ ಟೈಪ್ ಸಿ ಕೇಬಲ್ಲಲ್ಲಿ ಹೊಸ ಎಸ್‌ಎಸ್‌ಡಿ (ಚಿಪ್ ಮೇಲೆ ಬರೆಯೋ ವೇಗದ ಡಿಸ್ಕ್) ಸಿಕ್ಕಿಸಿದೆ. ಹಳೇ ಪೆನ್‌ಡ್ರೈವ್ ಥರ ತೆವಳ್ತಿದೆ.

ಉತ್ತರ: ಡಿಸ್ಕಿಗೆ ಬೈಬೇಡಿ, ಕೇಬಲ್ ಬದಲಾಯಿಸಿ. ಟೈಪ್ ಸಿ ಅನ್ನೋದು ಬಾಯಿಯ ಆಕಾರ ಅಷ್ಟೇ, ಒಳಗಿನ ತಂತಿ ಎಷ್ಟು ಅಂತ ಅದು ಹೇಳಲ್ಲ. ಚಾರ್ಜಿಂಗಿಗೆ ಬರೋ ಕೇಬಲ್ಲುಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0, ಸೆಕೆಂಡಿಗೆ 480 ಮೆಗಾಬಿಟ್. ನಿಮ್ಮ ಎಸ್‌ಎಸ್‌ಡಿ ಜೊತೆ ಬಂದಿರೋ ಗಿಡ್ಡ ಕೇಬಲ್ ಹೆಚ್ಚಾಗಿ 10 ಗಿಗಾಬಿಟ್‌ದು, ಅಂದ್ರೆ ಇಪ್ಪತ್ತು ಪಟ್ಟು. ಗಿಡ್ಡ ಅಂತ ಅದನ್ನ ಡ್ರಾಯರ್‌ಗೆ ಎಸೆದಿರ್ತೀರ, ಹುಡುಕಿ. ಲ್ಯಾಪ್‌ಟಾಪ್ ಚಾರ್ಜಿಗೂ ಇದೇ ಕಥೆ, ತುದೀಲಿ ಸಣ್ಣ ಗುರುತಿನ ಚಿಪ್ ಇಲ್ಲದ ಕೇಬಲ್ 60 ವ್ಯಾಟ್ ದಾಟಲ್ಲ, ಚಾರ್ಜರ್ ಎಷ್ಟೇ ದೊಡ್ಡದಿರಲಿ. ನಾನು ಒಳ್ಳೇ ಕೇಬಲ್ ಸಿಕ್ಕ ತಕ್ಷಣ ಅದಕ್ಕೆ ಕೆಂಪು ಟೇಪ್ ಸುತ್ತಿ ವ್ಯಾಟ್ ಎಷ್ಟು ಅಂತ ಪೆನ್ನಲ್ಲಿ ಬರೀತೀನಿ, ಮನೇಲಿ ನಗ್ತಾರೆ, ಆದ್ರೆ ಅರ್ಜೆಂಟ್ ಇದ್ದಾಗ ಎಲ್ಲರೂ ಹುಡುಕೋದು ಆ ಕೆಂಪು ಟೇಪನ್ನೇ.

ಪ್ರಶ್ನೆ: ಮಿಕ್ಸಿ ರುಬ್ಬೋ ನಡುವೆ ನಿಂತೇ ಹೋಯ್ತು. ತಗೊಂಡು ಎರಡೇ ತಿಂಗಳು. ಕಂಪ್ಲೇಂಟ್ ಕೊಡೋದಾ?

ಉತ್ತರ: ಕೊಡೋಕೆ ಮುಂಚೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಮಿಕ್ಸಿನ ತಲೆಕೆಳಗೆ ಮಾಡಿ ನೋಡಿ. ಅಡಿಯಲ್ಲಿ ಒಂದು ಸಣ್ಣ ಬಟನ್ ಇರುತ್ತೆ, ಹೆಚ್ಚಾಗಿ ಕೆಂಪು. ಜಾರ್ ಜಾಸ್ತಿ ತುಂಬಿ ಮೋಟಾರ್ ಬಿಸಿಯಾದ್ರೆ ಅದು ಹೊರಗೆ ಚಿಮ್ಮಿ ಕರೆಂಟ್ ಕಟ್ ಮಾಡುತ್ತೆ. ಐದು ಹತ್ತು ನಿಮಿಷ ಆರೋಕೆ ಬಿಟ್ಟು ಒತ್ತಿ. ನಮ್ಮನೇಲಿ ಮೊದಲ ಸಲ ಹಿಂಗಾದಾಗ ಮೆಕ್ಯಾನಿಕ್ ಬಂದು ಇದೊಂದೇ ಬಟನ್ ಒತ್ತಿ ಬಿಲ್ ಕೊಟ್ಟು ಹೋಗಿದ್ದು ನೆನಪಿದೆ. ಮೋಟಾರ್ ತಿರುಗ್ತಿದೆ, ಬ್ಲೇಡ್ ತಿರುಗ್ತಿಲ್ಲ ಅಂದ್ರೆ ಮೋಟಾರನ್ನ ಜಾರಿಗೆ ಜೋಡಿಸೋ ಕಪ್ಲರ್ ಸವೆದಿದೆ, ಅದು ಬಿಡಿಯಾಗಿ ಸಿಗುತ್ತೆ. ಮೋಟಾರ್ ಉಳೀಲಿ ಅಂತ ಮೊದಲು ತಾನು ಸಾಯೋ ಪಾರ್ಟದು, ಅದಕ್ಕೆ ಬೈಬೇಡಿ.

ಪ್ರಶ್ನೆ: ಹೊಸ ಇನ್ವರ್ಟರ್ ಫ್ರಿಜ್ ಹಗಲು ರಾತ್ರಿ ಓಡ್ತಾನೇ ಇದೆ. ಹಳೇದು ಆಗಾಗ ನಿಲ್ತಿತ್ತು. ಕರೆಂಟ್ ಬಿಲ್ ಭಯ.

ಉತ್ತರ: ಅದು ಓಡೋದೇ ಹಂಗೆ. ಹಳೇದು ಫುಲ್ ಸ್ಪೀಡಲ್ಲಿ ಓಡಿ ನಿಂತು, ಮತ್ತೆ ಓಡಿ ನಿಲ್ತಿತ್ತು. ಇನ್ವರ್ಟರ್ ಕಂಪ್ರೆಸರ್ ನಿಧಾನಕ್ಕೆ ಓಡ್ತಾನೇ ಇರುತ್ತೆ, ಒಟ್ಟು ಕರೆಂಟ್ ಕಮ್ಮಿನೇ. ಭಯ ಇದ್ರೆ ಬಾಗಿಲಿನ ರಬ್ಬರ್ ನೋಡಿ: ಒಂದು ಕಾಗದದ ಚೂರು ಮಧ್ಯ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಜಾರಿ ಬಂದ್ರೆ ಅಲ್ಲಿ ಗಾಳಿ ಹೋಗ್ತಿದೆ ಅಂತ. ನಾಲ್ಕೂ ಕಡೆ ನೋಡಿ. ಒಳಗೆ 4 ಡಿಗ್ರಿ, ಫ್ರೀಜರಲ್ಲಿ ಮೈನಸ್ 18, ಅದಕ್ಕಿಂತ ತಣ್ಣಗೆ ಮಾಡಿ ಏನೂ ಗಿಟ್ಟಲ್ಲ.

ಪ್ರಶ್ನೆ: ಗೀಸರ್ ಯಾವಾಗ್ಲೂ ಆನ್ ಇಟ್ರೆ ಉಳಿತಾಯ ಅಂತ ಅಣ್ಣ, ಬೇಕಾದಾಗ ಹಾಕಿದ್ರೆ ಉಳಿತಾಯ ಅಂತ ನಾನು.

ಉತ್ತರ: ನೀವೇ ಸರಿ. 15 ಲೀಟರ್ ನೀರನ್ನ 25 ಡಿಗ್ರಿಯಿಂದ 55ಕ್ಕೆ ಏರಿಸೋಕೆ ಅರ್ಧ ಯೂನಿಟ್‌ಗಿಂತ ಚೂರು ಜಾಸ್ತಿ ಬೇಕು, 2 ಕಿಲೋವ್ಯಾಟ್ ಗೀಸರಲ್ಲಿ ಸುಮಾರು 16 ನಿಮಿಷ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿದ್ರೆ ಮುಗೀತು, ದಿನವಿಡೀ ಬಿಸಿ ಸೋರಿ, ಮತ್ತೆ ಕಾದು, ಮತ್ತೆ ಸೋರೋಕೆ ಯಾಕೆ ಬಿಡ್ತೀರ. ಅಣ್ಣನಿಗೆ ಬೇಜಾರಾದ್ರೆ ಅವರಿಗೆ ಬೇರೆ ಕೆಲಸ ಕೊಡಿ: ಟ್ಯಾಂಕ್ ಒಳಗೆ ಮೆಗ್ನೀಸಿಯಂ ಸರಳು ಇರುತ್ತೆ, ಟ್ಯಾಂಕ್ ತುಕ್ಕು ಹಿಡಿಯೋ ಬದಲು ತಾನು ಕರಗೋದು. ಗಡಸು ನೀರಾದ್ರೆ ವರ್ಷಕ್ಕೊಮ್ಮೆ ಅದನ್ನ ತೆಗೆಸಿ ನೋಡೋಕೆ ಹೇಳಿ. ಕರಗಿ ಬರೀ ತಂತಿ ಉಳಿದಿದ್ರೆ ಬದಲಾಯಿಸಲಿ. ಇದನ್ನ ಮಾರುವಾಗ ಒಬ್ಬನೂ ಹೇಳಲ್ಲ, ಟ್ಯಾಂಕ್ ತೂತಾದ ಮೇಲೆ ಎಲ್ಲರೂ ಹೇಳ್ತಾರೆ.

ಪ್ರಶ್ನೆ: ಆನ್‌ಲೈನ್ ರಿವ್ಯೂ ಓದಿ ಓದಿ ತಲೆ ಕೆಟ್ಟಿದೆ. ಯಾವುದನ್ನ ನಂಬೋದು?

ಉತ್ತರ: ಐದು ಸ್ಟಾರಿನವು ಮುಕ್ಕಾಲು ಪಾಲು ಡಬ್ಬ ಒಡೆದ ದಿನದ ಖುಷಿ. ಪ್ಯಾಕಿಂಗ್ ಸೂಪರ್, ಡೆಲಿವರಿ ಫಾಸ್ಟ್, ಬಣ್ಣ ಚೆನ್ನಾಗಿದೆ. ಒಂದು ಸ್ಟಾರಿನವು ಮುಕ್ಕಾಲು ಪಾಲು ಕೊರಿಯರ್ ಹುಡುಗನ ಮೇಲಿನ ಸಿಟ್ಟು. ನಾನು ಎರಡು ಮತ್ತು ಮೂರು ಸ್ಟಾರ್ ಓದ್ತೀನಿ, ಅವರು ಇಷ್ಟಪಟ್ಟು ತಗೊಂಡು ಬೇಜಾರಾದವರು, ಕಾರಣ ಹೇಳಿರ್ತಾರೆ. ಒಂದೇ ಪಾರ್ಟಿನ ಹೆಸರು ನಾಲ್ಕು ಜನ ಹೇಳಿದ್ರೆ, ಹಿಂಜ್ ಹೋಯ್ತು, ಹಿಂಜ್ ಹೋಯ್ತು ಅಂತ, ಅಲ್ಲಿಗೆ ನಂಗೆ ಬೇಕಾದ್ದು ಸಿಕ್ತು. ಜೊತೆಗೆ ಆ ರಿವ್ಯೂ ನೀವು ನೋಡ್ತಿರೋ ಸಾಮಾನಿಂದೇನಾ ಅಂತ ನೋಡಿ. ಒಂದೇ ಪೇಜಲ್ಲಿ ಬೇರೆ ಬೇರೆ ಮಾಡೆಲ್ ಸೇರಿಸಿ ಎಲ್ಲದರ ಸ್ಟಾರೂ ಒಟ್ಟು ಮಾಡಿರ್ತಾರೆ, ಹಾರ್ಡ್ ಡಿಸ್ಕ್ ಪೇಜಲ್ಲಿ ಒಬ್ಬರು ಚಾರ್ಜರ್ ಹೊಗಳಿದ್ದನ್ನ ನಾನು ನೋಡಿದೀನಿ. ದುಡ್ಡು ಕೊಟ್ಟು ರಿವ್ಯೂ ಬರೆಸೋದು ಎಷ್ಟು ಮಿತಿಮೀರಿದೆ ಅಂದ್ರೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ರಿವ್ಯೂ ಮಾರೋದನ್ನೂ ಕೊಳ್ಳೋದನ್ನೂ ನಿಷೇಧ ಮಾಡಿ ನಿಯಮ ತರಬೇಕಾಯ್ತು. ಇನ್ನೂ ಒಳ್ಳೇ ದಾರಿ ಅಂದ್ರೆ ಮನೆಗೆ ಬಂದ ಮೆಕ್ಯಾನಿಕ್‌ನ ಕೂರಿಸಿ, ನಿಮ್ಮ ಮನೇಲಿ ಯಾವುದಿದೆ ಅಂತ ಕೇಳೋದು. ಅವರು ಮಾರೋ ಮಾಡೆಲ್ ಹೇಳಲ್ಲ, ಇಟ್ಕೊಂಡಿರೋ ಮಾಡೆಲ್ ಹೇಳ್ತಾರೆ.

ಪ್ರಶ್ನೆ: ಯಾವಾಗ್ಲೂ ಬೈತಾನೇ ಇರ್ತೀರಲ್ಲ ಮೇಡಂ, ಮನಸಾರೆ ಹೊಗಳೋ ಒಂದು ಸಾಮಾನೂ ನಿಮ್ಮನೇಲಿ ಇಲ್ವಾ?

ಉತ್ತರ: ಎರಡಿದೆ. ಒಂದು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಸೀಲಿಂಗ್ ಫ್ಯಾನು, ಹಳೇದು 75 ವ್ಯಾಟ್ ತಿಂತಿದ್ದ ಜಾಗದಲ್ಲಿ ಇದು 30ರ ಆಸುಪಾಸು, ಸದ್ದೂ ಇಲ್ಲ. ಅದರಲ್ಲಿ ಫಸ್ಟ್ ಹಾಳಾಗೋ ಪಾರ್ಟು ರಿಮೋಟು, ಹಾಳಾಗಲ್ಲ, ಕಳೆದುಹೋಗುತ್ತೆ, ಹಾಸಿಗೆ ಸಂದೀಲಿ ಸಿಗುತ್ತೆ. ಗೋಡೆ ಸ್ವಿಚ್ಚಲ್ಲೂ ಸ್ಪೀಡ್ ಬದಲಾಗೋ ಮಾಡೆಲ್ ತಗೊಂಡಿದ್ದಕ್ಕೆ ಬಚಾವ್.

ಇನ್ನೊಂದು, ಈ ಉತ್ತರಗಳನ್ನೆಲ್ಲ ಟೈಪ್ ಮಾಡಿರೋ ಕೀಬೋರ್ಡು. ಮೆಕ್ಯಾನಿಕಲ್ ಅಲ್ಲ, ಮಾಮೂಲಿ ಮೆಂಬ್ರೇನ್ (ಕೀಗಳ ಅಡಿಯಲ್ಲಿ ಬಿಡಿ ಸ್ವಿಚ್ ಬದಲು ಒಂದೇ ತೆಳು ಹಾಳೆ), ಹಳೇ ಕಂಪ್ಯೂಟರ್ ಜೊತೆ ಪುಕ್ಕಟೆ ಬಂದಿದ್ದು, 11 ವರ್ಷ ಆಯ್ತು. ಒಂದು ಸಲ ಒಂದು ಲೋಟ ನೀರು ಬಿದ್ದಿತ್ತು, ತಲೆಕೆಳಗೆ ನೇತು ಹಾಕಿ ಎರಡು ದಿನ ಬಿಟ್ಟೆ, ಮತ್ತೆ ಶುರುವಾಯ್ತು. ಸ್ಪೇಸ್ ಬಾರ್ ಮಧ್ಯ ನನ್ನ ಬಲಗೈ ಹೆಬ್ಬೆರಳಿನ ಅಳತೆಗೆ ಒಂದು ಹೊಳೆಯೋ ಗುಳಿ ಬಿದ್ದಿದೆ, ನಾಲ್ಕು ಕೀಗಳ ಅಕ್ಷರ ಪೂರ್ತಿ ಅಳಿಸಿಹೋಗಿದೆ, ಕೀಬೋರ್ಡಿನ ಒಂದು ಕಡೆಯ ಕಾಲು ಮುರಿದು ರಟ್ಟಿನ ಚೂರು ಇಟ್ಟಿದೀನಿ. ಮಾಡೆಲ್ ನಂಬರ್ ಮಾತ್ರ ಕೇಳಬೇಡಿ, ಅಡಿಯಲ್ಲಿದ್ದ ಸ್ಟಿಕರ್ ಆ ನೀರಲ್ಲೇ ಹೋಯ್ತು.